‘ಇದೆ’, ‘ಇಷ್ಟಿದೆ’, ‘ಇದರಿಂದ ಇದೆ’: ಕನ್ನಡ ಭಾಷಾಧ್ಯಯನದಲ್ಲಿ ಮಾದರಿಯ ಆಯ್ಕೆ ಮತ್ತು ಪ್ರಯೋಗ ವಿನ್ಯಾಸ

ಸಾರಾಂಶ

ಭಾಷೆಯನ್ನು ಕುರಿತ ಹೇಳಿಕೆಗಳು ಮೂರು ಬಗೆಯವು. ಒಂದು ರೂಪ ಭಾಷೆಯಲ್ಲಿ ‘ಇದೆ’ ಎನ್ನುವುದು ಮೊದಲನೆಯದು. ಅದು ಭಾಷಿಕ ಸಮುದಾಯದಲ್ಲಿ ‘ಇಷ್ಟಿದೆ’ ಎನ್ನುವುದು ಎರಡನೆಯದು. ಅದು ಇಂಥ ಕಾರಣದಿಂದ, ಅಂದರೆ ‘ಇದರಿಂದ ಇದೆ’ ಎನ್ನುವುದು ಮೂರನೆಯದು. ಈ ಮೂರಕ್ಕೂ ಬೇಕಾದ ಆಧಾರಗಳು ಬೇರೆ ಬೇರೆ. ಎರಡನೆಯದಕ್ಕೆ ಯಾದೃಚ್ಛಿಕ ಆಯ್ಕೆಯೂ ಮೂರನೆಯದಕ್ಕೆ ಯಾದೃಚ್ಛಿಕ ಹಂಚಿಕೆಯೂ ಅಗತ್ಯವೆಂದೂ, ಇವೆರಡನ್ನು ಒಂದೇ ಎಂದು ಭಾವಿಸಿದ್ದರಿಂದ ಭಾಷಾಧ್ಯಯನದಲ್ಲಿ ಅತಿವ್ಯಾಪ್ತಿಯ ತೀರ್ಮಾನಗಳು ಹುಟ್ಟಿವೆಯೆಂದೂ ಈ ಲೇಖನ ವಾದಿಸುತ್ತದೆ. ಭಾಷಿಕರಂತೆಯೇ ಪದಗಳೂ ಒಂದು ಸಮಷ್ಟಿಯಿಂದ ಆರಿಸಿದ ಮಾದರಿಯೆಂಬುದನ್ನು ‘-ಇಸು’ ಪ್ರತ್ಯಯದ ನಿದರ್ಶನದಿಂದ ತೋರಿಸಲಾಗಿದೆ.

ಮುಖ್ಯ ಪದಗಳು: ಸಮಷ್ಟಿ, ಮಾದರಿ, ಯಾದೃಚ್ಛಿಕ ಆಯ್ಕೆ, ಯಾದೃಚ್ಛಿಕ ಹಂಚಿಕೆ, ಪ್ರೇರಣಾರ್ಥಕ, ಒಳನುಡಿ

1. ಎರಡು ಪದಗಳ ಇಕ್ಕಟ್ಟು

ಕನ್ನಡದಲ್ಲಿ ‘ಮಾದರಿ’ ಎಂಬ ಪದ ಎರಡು ಅರ್ಥಗಳನ್ನು ಹೊತ್ತಿದೆ. ‘ಮಾದರಿ ಶಾಲೆ’, ‘ಮಾದರಿ ಉತ್ತರ’ ಎನ್ನುವಾಗ ಅದು ಇತರರು ಅನುಸರಿಸಬೇಕಾದ ಉತ್ತಮ ವಸ್ತು. ‘ಮಣ್ಣಿನ ಮಾದರಿ’, ‘ರಕ್ತದ ಮಾದರಿ’ ಎನ್ನುವಾಗ ಅದು ಇಡಿಯನ್ನು ಅರಿಯಲೆಂದು ತೆಗೆದ ಬಿಡಿ. ಮಣ್ಣು ಪರೀಕ್ಷೆಗೆ ಹೊರಟ ರೈತನಿಗೆ ಈ ಎರಡರ ಅಂತರ ಚೆನ್ನಾಗಿ ಗೊತ್ತು. ಗೊಬ್ಬರದ ಗುಂಡಿಯ ಪಕ್ಕದ ಕಪ್ಪು ಮಣ್ಣನ್ನು ಕೊಟ್ಟರೆ ವರದಿ ಸೊಗಸಾಗಿ ಬಂದೀತು, ಬೆಳೆ ಬಾರದು. ಆದ್ದರಿಂದ ಅವನು ಹೊಲದ ಹಲವು ಕಡೆಗಳಿಂದ ಮಣ್ಣು ತೆಗೆದು ಬೆರೆಸುತ್ತಾನೆ.

ಭಾಷಾಧ್ಯಯನ ಮಾಡುವ ನಾವು ಇಷ್ಟು ಎಚ್ಚರ ವಹಿಸಿದ್ದೇವೆಯೆ? ಮಾಹಿತಿದಾರರನ್ನು ಹುಡುಕುವಾಗ ‘ಚೆನ್ನಾಗಿ ಮಾತನಾಡುವವರು’, ‘ಊರಿನ ಭಾಷೆ ಬಲ್ಲ ಹಿರಿಯರು’, ‘ನಮ್ಮ ಪ್ರಶ್ನೆ ಅರ್ಥವಾಗುವವರು’ ಎಂದು ಕೇಳಿಕೊಂಡು ಹೋಗುವುದು ರೂಢಿ. ಆರಿಸಿದವರು ಮೊದಲ ಅರ್ಥದಲ್ಲಿ ಮಾದರಿಗಳು. ಆದರೆ ಅವರ ಮಾತಿನಿಂದ ಹೊರಡಿಸುವ ತೀರ್ಮಾನ ಎರಡನೆಯ ಅರ್ಥದ ಮಾದರಿಯನ್ನು ಬೇಡುವಂಥದು. ತರಗತಿಯಲ್ಲಿ ಎದುರಿಗೆ ಕುಳಿತ ಸ್ನಾತಕೋತ್ತರ ವಿದ್ಯಾರ್ಥಿಗಳ ಒಪ್ಪಿಗೆಯನ್ನೇ ‘ಕನ್ನಡಿಗರ ಒಪ್ಪಿಗೆ’ ಎಂದು ನಾವೂ ಬರೆದದ್ದುಂಟು. ಈ ವಿಮರ್ಶೆ ನಮ್ಮನ್ನು ಹೊರತುಪಡಿಸಿದ್ದಲ್ಲ.

ಎರಡನೆಯ ಪದ ‘ಯಾದೃಚ್ಛಿಕ’. ಇದನ್ನು ‘ಮನಬಂದಂತೆ’, ‘ಸಿಕ್ಕಸಿಕ್ಕಂತೆ’ ಎಂದು ಅರ್ಥಮಾಡಿಕೊಳ್ಳುವವರೇ ಹೆಚ್ಚು. ಪದದ ಚರಿತ್ರೆಯೂ ಇದಕ್ಕೆ ಸ್ವಲ್ಪ ಕಾರಣ. ಪತಂಜಲಿಯ ಮಹಾಭಾಷ್ಯದಿಂದ ಬಂದ ವ್ಯಾಕರಣ ಪರಂಪರೆಯಲ್ಲಿ ಜಾತಿಶಬ್ದ, ಗುಣಶಬ್ದ, ಕ್ರಿಯಾಶಬ್ದಗಳ ಜೊತೆಗೆ ‘ಯದೃಚ್ಛಾಶಬ್ದ’ ಎಂಬ ವರ್ಗವಿದೆ. ವಸ್ತುವಿನ ಯಾವ ಗುಣವನ್ನೂ ಆಧರಿಸದೆ, ಹೆಸರಿಡುವವನ ಇಚ್ಛೆಯಿಂದಷ್ಟೇ ಬಂದ ಹೆಸರು ಅದು. ನಮ್ಮ ಶಾಲಾ ವ್ಯಾಕರಣದ ಅಂಕಿತನಾಮಕ್ಕೆ ಹತ್ತಿರದ್ದು. ಅಲ್ಲಿ ನಿರ್ಣಾಯಕವಾದದ್ದು ವಕ್ತೃವಿನ ಇಚ್ಛೆ. ಸಂಖ್ಯಾಶಾಸ್ತ್ರದ ಯಾದೃಚ್ಛಿಕತೆ ಇದಕ್ಕೆ ತೀರ ವಿರುದ್ಧವಾದದ್ದು: ಸಂಶೋಧಕನ ಇಚ್ಛೆಗೆ ಅಲ್ಲಿ ಅವಕಾಶವೇ ಇಲ್ಲ. ಸಮಷ್ಟಿಯ ಪ್ರತಿಯೊಬ್ಬ ಸದಸ್ಯನಿಗೂ ಆಯ್ಕೆಯಾಗುವ ಒಂದು ಸಂಭವನೀಯತೆ ಮೊದಲೇ ಗೊತ್ತಾಗಿರಬೇಕು, ಅದು ಸೊನ್ನೆಯಾಗಿರಬಾರದು, ಆಯ್ಕೆಯನ್ನು ಚೀಟಿ ಎತ್ತುವಂಥ ಯಾಂತ್ರಿಕ ಕ್ರಮ ನಿರ್ಧರಿಸಬೇಕು. ಸಂತೆಯಲ್ಲಿ ನಿಂತು ಎದುರಾದವರನ್ನೆಲ್ಲ ಮಾತನಾಡಿಸುವುದು ಯಾದೃಚ್ಛಿಕವಲ್ಲ. ಸಂತೆಗೆ ಬಾರದವರ ಸಂಭವನೀಯತೆ ಅಲ್ಲಿ ಸೊನ್ನೆ. ‘ಚೀಟಿ ಎತ್ತುವುದು’ ಎಂಬ ನಮ್ಮ ಸಾದಾ ಮಾತು ‘ಯಾದೃಚ್ಛಿಕ’ಕ್ಕಿಂತ ಈ ಅರ್ಥವನ್ನು ನಿಖರವಾಗಿ ಹಿಡಿಯುತ್ತದೆ.

2. ಮೂರು ಬಗೆಯ ಹೇಳಿಕೆಗಳು

ಇಲ್ಲಿ ಒಂದು ಆಕ್ಷೇಪ ಸಹಜ. ವ್ಯಾಕರಣ ಪ್ರತಿಯೊಬ್ಬ ಭಾಷಿಕನ ಮನಸ್ಸಿನಲ್ಲಿಯೂ ಇರುವಾಗ, ಒಬ್ಬನನ್ನು ಸರಿಯಾಗಿ ಅಭ್ಯಸಿಸಿದರೆ ಸಾಲದೆ? 1965ರಲ್ಲಿ ಚಾಮ್ಸ್ಕಿ ಮುಂದಿಟ್ಟ ‘ಆದರ್ಶ ವಕ್ತೃ-ಶ್ರೋತೃ’ವಿನ ಕಲ್ಪನೆ ಇಂಥ ಉತ್ತರಕ್ಕೆ ಸೈದ್ಧಾಂತಿಕ ಬಲ ಕೊಟ್ಟಿತು. ಈ ಆಕ್ಷೇಪವನ್ನು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಒಂದು ಬಗೆಯ ಹೇಳಿಕೆಗೆ ಅದು ಸರಿಯಾದದ್ದೇ.

ಧಾರವಾಡದ ಕಡೆಯ ಒಬ್ಬ ಭಾಷಿಕರು ಸಹಜ ಸಂಭಾಷಣೆಯಲ್ಲಿ ‘ಮಾಡಾಕ ಹತ್ತೀನಿ’ ಎಂದರೆ, ವರ್ತಮಾನದಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ‘ಹತ್ತು’ ಧಾತುವಿನಿಂದ ಸೂಚಿಸುವ ರಚನೆ ಕನ್ನಡದಲ್ಲಿ ‘ಇದೆ’ ಎನ್ನಲು ಅಷ್ಟು ಸಾಕು. ಇನ್ನೂ ನೂರು ಜನರನ್ನು ಕೇಳಿದರೂ ಈ ತೀರ್ಮಾನ ಹೆಚ್ಚು ನಿಜವಾಗದು. ಆದರೆ ಆ ರಚನೆಯನ್ನು ಒಂದು ಜಿಲ್ಲೆಯ ಯುವಜನರಲ್ಲಿ ಎಷ್ಟು ಜನ ಬಿಟ್ಟು ‘ಮಾಡ್ತಾ ಇದ್ದೀನಿ’ಗೆ ಹೊರಳಿದ್ದಾರೆ ಎಂದು ಕೇಳಿದೊಡನೆ ಪ್ರಶ್ನೆ ‘ಇಷ್ಟಿದೆ’ ಎಂಬ ಬಗೆಗೆ ಸೇರುತ್ತದೆ. ಪ್ರಮಾಣ ಎನ್ನುವುದು ಸಮಷ್ಟಿಯ ಗುಣವೇ ಹೊರತು ವ್ಯಕ್ತಿಯ ಗುಣವಲ್ಲ. ಇನ್ನು ಆ ಹೊರಳುವಿಕೆಗೆ ಪಠ್ಯಪುಸ್ತಕ ಕಾರಣವೋ ದೂರದರ್ಶನವೋ ನಗರವಾಸವೋ ಎಂದು ಕೇಳಿದರೆ ಅದು ‘ಇದರಿಂದ ಇದೆ’ ಎಂಬ ಬಗೆಯದು. ದೊಡ್ಡ ಸಮೀಕ್ಷೆಯೂ ತಾನಾಗಿ ಇದಕ್ಕೆ ಉತ್ತರ ಕೊಡಲಾರದು.

ಹೀಗೆ ಮೂರು ಹೇಳಿಕೆಗಳಿಗೆ ಮೂರು ಆಧಾರಗಳು. ಮೊದಲನೆಯದಕ್ಕೆ ವಿಶ್ವಾಸಾರ್ಹ ಸಾಕ್ಷಿ. ಎರಡನೆಯದಕ್ಕೆ ಯಾರನ್ನು ಕೇಳಬೇಕೆಂಬುದನ್ನು ಚೀಟಿಗೆ ಬಿಡುವ ಆಯ್ಕೆ. ಮೂರನೆಯದಕ್ಕೆ ಯಾರಿಗೆ ಯಾವ ಸನ್ನಿವೇಶ ಎಂಬುದನ್ನು ಚೀಟಿಗೆ ಬಿಡುವ ಹಂಚಿಕೆ. ಒಂದು ಬಗೆಯ ಆಧಾರದಿಂದ ಇನ್ನೊಂದು ಬಗೆಯ ಹೇಳಿಕೆಗೆ ಸದ್ದಿಲ್ಲದೆ ದಾಟುವುದೇ ನಮ್ಮ ಬರಹಗಳಲ್ಲಿ ಕಾಣುವ ಮುಖ್ಯ ದೋಷ.

3. ಆಯ್ಕೆಪಟ್ಟಿಯ ಪ್ರಶ್ನೆ

ಸಮಷ್ಟಿಯಿಂದ ಆರಿಸಬೇಕಾದರೆ ಸಮಷ್ಟಿಯ ಒಂದು ಪಟ್ಟಿ ಬೇಕು. ಪಟ್ಟಿಯಲ್ಲಿ ಇಲ್ಲದವರನ್ನು ಯಾವ ಚೀಟಿಯೂ ಎತ್ತಲಾರದು. ಕನ್ನಡದ ಮಟ್ಟಿಗೆ ಇದಕ್ಕೆ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಗಿಂತ ದೊಡ್ಡ ನಿದರ್ಶನ ಬೇಡ. 1894ರಲ್ಲಿ ಆರಂಭವಾಗಿ 1928ರ ಹೊತ್ತಿಗೆ ಪ್ರಕಟಣೆ ಮುಗಿಸಿದ ಈ ಮಹಾಕಾರ್ಯ 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ಎಣಿಸಿತು. ಬೈಬಲಿನ ದುಂದುಗಾರ ಮಗನ ದೃಷ್ಟಾಂತದ ಅನುವಾದ, ಸ್ಥಳೀಯವಾದ ಒಂದು ಗದ್ಯ ಅಥವಾ ಪದ್ಯ, ಗೊತ್ತುಪಡಿಸಿದ ಪದ-ವಾಕ್ಯಗಳ ಪಟ್ಟಿ ಇವುಗಳನ್ನು ಸರ್ಕಾರಿ ಅಧಿಕಾರಿಗಳ ಮೂಲಕ ತರಿಸಿಕೊಳ್ಳುವುದು ಅದರ ವಿಧಾನ.

ಮದ್ರಾಸ್ ಪ್ರಾಂತ, ಮೈಸೂರು ಸಂಸ್ಥಾನ ಮತ್ತು ಹೈದರಾಬಾದ್ ಸಂಸ್ಥಾನಗಳು ಆ ಸಮೀಕ್ಷೆಯ ವ್ಯಾಪ್ತಿಯಲ್ಲಿರಲಿಲ್ಲ. ಕನ್ನಡ ನಾಡಿನ ಅಂದಿನ ಭೂಪಟದ ಮೇಲೆ ಇದನ್ನಿಟ್ಟು ನೋಡಬೇಕು. ಮೈಸೂರು, ಬೆಂಗಳೂರು, ಶಿವಮೊಗ್ಗಗಳು ಮೈಸೂರು ಸಂಸ್ಥಾನದಲ್ಲಿದ್ದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ. ಅಂದರೆ 1906ರಲ್ಲಿ ಸ್ಟೆನ್ ಕೊನೊ ಸಿದ್ಧಪಡಿಸಿದ ದ್ರಾವಿಡ ಭಾಷೆಗಳ ಸಂಪುಟಕ್ಕೆ ಕನ್ನಡಿಗರ ಬಹುಭಾಗ ಸಮೀಕ್ಷೆಯ ಹೊರಗಿತ್ತು. ಸಮೀಕ್ಷೆ ತನ್ನ ಮಿತಿಯನ್ನು ಮರೆಮಾಚಲಿಲ್ಲ. ಮರೆತವರು ಅದನ್ನು ಉಲ್ಲೇಖಿಸುವವರು. ಅಲ್ಲಿನ ಕನ್ನಡದ ವಿವರಣೆ ‘ಇದೆ’ ಎಂಬ ಬಗೆಯ ಹೇಳಿಕೆಗಳಿಗೆ ಇಂದಿಗೂ ಅಮೂಲ್ಯವಾದ ಆಧಾರ. ಕನ್ನಡದ ಒಳನುಡಿಗಳ ಹಂಚಿಕೆ ಹೇಗಿತ್ತು ಎಂಬುದಕ್ಕೆ ಅದು ಆಧಾರವಾಗಲಾರದು.

ಇಂದಿನ ಪಟ್ಟಿಗಳಿಗೂ ಇದೇ ಪರೀಕ್ಷೆ ಬೇಕು. 2011ರ ಜನಗಣತಿಯಲ್ಲಿ ಕನ್ನಡದ ಅಡಿಯಲ್ಲಿ ಎಣಿಕೆಯಾದವರು ಸುಮಾರು 4.37 ಕೋಟಿ. ನೀಲಗಿರಿಯ ಬಡಗವನ್ನೂ ಜನಗಣತಿ ಇದೇ ತಲೆಬರಹದ ಕೆಳಗೆ ಸೇರಿಸುತ್ತದೆ. ಅದನ್ನು ಸ್ವತಂತ್ರ ಭಾಷೆಯೆಂದು ಪರಿಗಣಿಸುವ ಭಾಷಾವಿಜ್ಞಾನಿಯ ಸಮಷ್ಟಿ ಬೇರೆಯಾಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿತವರು ‘ಕನ್ನಡ ಭಾಷಿಕರು’ ಹೌದೋ ಅಲ್ಲವೋ ಎಂಬುದನ್ನೂ ಪಟ್ಟಿ ಮಾಡುವ ಮೊದಲೇ ತೀರ್ಮಾನಿಸಬೇಕು. ಇದನ್ನು ಭಾಷಾವಿಜ್ಞಾನಿಯೇ ನಿರ್ಣಯಿಸಬೇಕು, ಸಂಖ್ಯಾಶಾಸ್ತ್ರಜ್ಞರಿಗೆ ವಹಿಸಲಾಗದು.

ಮಾದರಿಯ ಗಾತ್ರದ ಬಗೆಗೂ ಎರಡು ಭ್ರಮೆಗಳಿವೆ. ಸಮಷ್ಟಿ ದೊಡ್ಡದಾದಷ್ಟೂ ಮಾದರಿ ದೊಡ್ಡದಿರಬೇಕು ಎನ್ನುವುದು ಮೊದಲನೆಯದು. ಸರಳ ಯಾದೃಚ್ಛಿಕ ಆಯ್ಕೆಯಿಂದ ಬಂದ 400 ಜನರಲ್ಲಿ ಅರ್ಧದಷ್ಟು ಜನ ಒಂದು ರೂಪವನ್ನು ಬಳಸಿದರೆ, ಸಮಷ್ಟಿ 4 ಲಕ್ಷವಿರಲಿ 4 ಕೋಟಿಯಿರಲಿ, ನಮ್ಮ ಅಂದಾಜಿನ ದೋಷಮಿತಿ ಶೇಕಡಾ 95ರ ವಿಶ್ವಾಸಮಟ್ಟದಲ್ಲಿ ಸುಮಾರು 5 ಅಂಶಗಳಷ್ಟೇ. ಆರಿಸಿದ ಕ್ರಮ ಸರಿಯಿಲ್ಲದಿದ್ದರೆ ಮಾತ್ರ 4,000 ಜನರೂ ನಮ್ಮನ್ನು ಕಾಪಾಡರು. ತಪ್ಪು ಉತ್ತರದ ಮೇಲಿನ ನಂಬಿಕೆ ಹೆಚ್ಚೀತು, ಅಷ್ಟೇ.

ಎರಡನೆಯ ಭ್ರಮೆ, 400 ಜನರೆಂದರೆ ಯಾವಾಗಲೂ 400 ಸಾಕ್ಷಿಗಳು ಎನ್ನುವುದು. ಕ್ಷೇತ್ರಕಾರ್ಯದ ಅನುಕೂಲಕ್ಕಾಗಿ 20 ಹಳ್ಳಿಗಳನ್ನು ಆರಿಸಿ ಒಂದೊಂದರಲ್ಲಿ 20 ಜನರನ್ನು ಮಾತನಾಡಿಸುತ್ತೇವೆ. ಒಂದೇ ಹಳ್ಳಿಯವರ ಮಾತು ಪರಸ್ಪರ ಹೋಲುತ್ತದೆ. ಒಳನುಡಿ ಎಂಬುದರ ಅರ್ಥವೇ ಅದು. ಹಳ್ಳಿಯೊಳಗಿನ ಈ ಹೋಲಿಕೆಯ ಸಹಸಂಬಂಧ 0.2 ಎಂದಿಟ್ಟುಕೊಂಡರೆ ಅಂದಾಜಿನ ವಿಚಲನ 1 + 19 × 0.2, ಅಂದರೆ 4.8 ಪಟ್ಟು ಹಿಗ್ಗುತ್ತದೆ. ನಮ್ಮ 400 ಜನರ ಮಾತು ಸುಮಾರು 83 ಜನರ ತೂಕಕ್ಕೆ ಇಳಿಯುತ್ತದೆ. ಹಳ್ಳಿಗೆ 10 ಜನರಂತೆ 40 ಹಳ್ಳಿಗಳಿಗೆ ಹೋಗಿದ್ದರೆ ಅದೇ 400 ಜನರಿಂದ ಸುಮಾರು 143 ಜನರ ತೂಕ ದೊರೆಯುತ್ತಿತ್ತು. ಒಬ್ಬರಿಂದ ಧ್ವನಿಮುದ್ರಿಸಿದ 1,000 ಪದಗಳನ್ನು 1,000 ಸ್ವತಂತ್ರ ಸಾಕ್ಷಿಗಳೆಂದು ಎಣಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಪರಿಪೂರ್ಣ ಪಟ್ಟಿಯಿಲ್ಲದೆ ಏನೂ ಸಾಧ್ಯವಿಲ್ಲ ಎಂದು ನಾವು ಹೇಳುತ್ತಿಲ್ಲ. ಲೆಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ನಡೆಸಿದ, 1966ರ ಗ್ರಂಥದಲ್ಲಿ ವರದಿಯಾದ ಅಧ್ಯಯನ ಇದಕ್ಕೆ ಸಾಕ್ಷಿ. ‘ನಾಲ್ಕನೆಯ ಮಹಡಿ’ ಎಂಬರ್ಥದ ಇಂಗ್ಲಿಷ್ ಉತ್ತರ ಬರುವಂಥ ಪ್ರಶ್ನೆಯನ್ನು ಅವರು 264 ಅಂಗಡಿ ನೌಕರರಿಗೆ ಕೇಳಿ, ಸ್ವರದ ನಂತರದ ರಕಾರ ಕೇಳಿಸುತ್ತದೆಯೇ ಎಂದು ಗುರುತಿಸಿಕೊಂಡರು. ದುಬಾರಿ ಅಂಗಡಿಯಲ್ಲಿ ಶೇಕಡಾ 62, ನಡುವಿನದರಲ್ಲಿ 51, ಅಗ್ಗದ್ದರಲ್ಲಿ 20 ಮಂದಿ ಅದನ್ನು ಪೂರ್ತಿಯಾಗಿ ಅಥವಾ ಭಾಗಶಃ ಉಚ್ಚರಿಸಿದರು. ಇದು ಚೀಟಿ ಎತ್ತಿದ ಮಾದರಿಯಲ್ಲ. ನೌಕರರ ವಯಸ್ಸನ್ನು ಕಣ್ಣಳತೆಯಿಂದಲೇ ಅಂದಾಜಿಸಬೇಕಾಯಿತು. ಆದರೆ ಅದೇ ನಗರದ ಲೋವರ್ ಈಸ್ಟ್ ಸೈಡಿನಲ್ಲಿ ಸಮಾಜಶಾಸ್ತ್ರೀಯ ಸಮೀಕ್ಷೆಯೊಂದರ ಯಾದೃಚ್ಛಿಕ ಮಾದರಿಯನ್ನು ಆಧರಿಸಿ ಅವರು ಮನೆಮನೆಯ ಸಂದರ್ಶನಗಳನ್ನೂ ನಡೆಸಿದ್ದರು. ಸಂದರ್ಶನದಲ್ಲಿ ಮಾತು ಬಿಗಿಯಾಗುವ ದೋಷವುಂಟು, ಆಯ್ಕೆ ಗಟ್ಟಿ. ಅಂಗಡಿಯಲ್ಲಿ ಆಯ್ಕೆ ಸಡಿಲ, ಮಾತು ಸಹಜ. ಎದುರುಬದುರಾದ ದೋಷಗಳುಳ್ಳ ಎರಡು ವಿಧಾನಗಳು ಒಂದೇ ಕಡೆಗೆ ಕೈತೋರಿಸಿದ್ದರಿಂದ ತೀರ್ಮಾನಕ್ಕೆ ಬಲ ಬಂದಿತು.

4. ಹಂಚಿಕೆಯ ಪ್ರಶ್ನೆ

ಹಂಚಿಕೆಯ ತತ್ತ್ವವನ್ನು ಸ್ಪಷ್ಟವಾಗಿ ರೂಪಿಸಿದವರು ರೊನಾಲ್ಡ್ ಫಿಶರ್. ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಅವರು ಎದುರಿಸಿದ ಸಮಸ್ಯೆ ಮಣ್ಣಿನದು: ಗೊಬ್ಬರ ಹಾಕಿದ ಪಟ್ಟಿಯಲ್ಲಿ ಬೆಳೆ ಹೆಚ್ಚಾದರೆ ಅದು ಗೊಬ್ಬರದ ಗುಣವೋ, ಆ ಪಟ್ಟಿಯ ಮಣ್ಣಿನ ಗುಣವೋ? ಅವರು ಮೂರು ಸೂತ್ರಗಳನ್ನು ಮುಂದಿಟ್ಟರು. ಒಂದೇ ಉಪಚಾರವನ್ನು ಹಲವು ಪಟ್ಟಿಗಳಿಗೆ ಕೊಡುವುದು ಪುನರಾವೃತ್ತಿ. ಅದರಿಂದ ಸಹಜ ಏರಿಳಿತದ ಅಳತೆ ಸಿಗುತ್ತದೆ. ಯಾವ ಪಟ್ಟಿಗೆ ಯಾವ ಉಪಚಾರವೆಂದು ಚೀಟಿಯಿಂದ ನಿರ್ಧರಿಸುವುದು ಯಾದೃಚ್ಛೀಕರಣ. ಅದರಿಂದ ನಮಗೆ ತಿಳಿಯದ ಅಂಶಗಳೂ ಯಾವುದೇ ಒಂದು ಕಡೆಗೆ ವ್ಯವಸ್ಥಿತವಾಗಿ ಒಲಿಯುವುದಿಲ್ಲ. ಒಂದೇ ಬಗೆಯ ಮಣ್ಣಿನ ಪಟ್ಟಿಗಳನ್ನು ಗುಂಪುಗೂಡಿಸಿ ಹೋಲಿಸುವುದು ಸ್ಥಳೀಯ ನಿಯಂತ್ರಣ.

1935ರ ಗ್ರಂಥದಲ್ಲಿ ಫಿಶರ್ ಇದನ್ನು ಚಹಾದ ನಿದರ್ಶನದಿಂದ ವಿವರಿಸಿದರು. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ರುಚಿಯಿಂದಲೇ ಹೇಳಬಲ್ಲೆ ಎನ್ನುವ ಮಹಿಳೆಗೆ 8 ಬಟ್ಟಲುಗಳನ್ನು, ಪ್ರತಿ ಬಗೆಯವು ನಾಲ್ಕರಂತೆ, ಯಾದೃಚ್ಛಿಕ ಕ್ರಮದಲ್ಲಿ ಕೊಡಲಾಗುತ್ತದೆ. 8ರಲ್ಲಿ 4ನ್ನು ಆರಿಸುವ ಬಗೆಗಳು 70. ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಗುರುತಿಸುವ ಸಂಭವನೀಯತೆ 70ರಲ್ಲಿ 1. ಇಲ್ಲಿ ಆ ಮಹಿಳೆಯನ್ನು ಯಾವ ಸಮಷ್ಟಿಯಿಂದಲೂ ಚೀಟಿ ಎತ್ತಿ ಆರಿಸಿಲ್ಲ. ಆದರೂ ಪರೀಕ್ಷೆ ಸಿಂಧು. ಅದರ ಸಿಂಧುತ್ವ ಬಟ್ಟಲುಗಳ ಕ್ರಮವನ್ನು ಚೀಟಿಗೆ ಬಿಟ್ಟದ್ದರಿಂದ ಬಂದಿದೆ. ಹಾಗೆಯೇ ಪರೀಕ್ಷೆ ಗೆದ್ದರೂ ‘ಹೆಂಗಸರಿಗೆ ಈ ಶಕ್ತಿಯಿದೆ’ ಎಂದು ಯಾರೂ ಹೇಳಲಾಗದು. ಆಯ್ಕೆ ಮತ್ತು ಹಂಚಿಕೆಗಳ ಅಂತರ ಇಷ್ಟರಲ್ಲೇ ಅಡಗಿದೆ.

ಕನ್ನಡದ್ದೇ ಒಂದು ಪ್ರಯೋಗವನ್ನು ಈ ಬೆಳಕಿನಲ್ಲಿ ಓದಬಹುದು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಾತನಾಡುವ ಮೂರು ವರ್ಷದ ಮಕ್ಕಳನ್ನು ಕುರಿತದ್ದು. ಕ್ರಿಯಾಪದದ ಅರ್ಥವನ್ನು ಊಹಿಸುವಾಗ ಮಗು ಯಾವುದನ್ನು ನೆಚ್ಚುತ್ತದೆ: ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆಯನ್ನೋ, ‘-ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವನ್ನೋ? ಸಹಜ ಮಾತಿನಲ್ಲಿ ಈ ಎರಡೂ ಬಹುಮಟ್ಟಿಗೆ ಒಟ್ಟಿಗೇ ಬರುತ್ತವೆ. ಆದ್ದರಿಂದ ಎಷ್ಟು ಗಂಟೆಗಳ ಧ್ವನಿಮುದ್ರಣವಿದ್ದರೂ ಅದೊಂದರಿಂದಲೇ ಇವನ್ನು ಬಿಡಿಸುವುದು ಕಷ್ಟ. ಪ್ರಯೋಗ ಅವನ್ನು ಕತ್ತರಿಸಿ ನಾಲ್ಕು ಸನ್ನಿವೇಶಗಳನ್ನು ರಚಿಸಿತು. ನಮ್ಮದೇ ಉದಾಹರಣೆಯಲ್ಲಿ ಹೇಳುವುದಾದರೆ: ‘ಕುದುರೆ ಓಡಿತು’, ‘ಕುದುರೆ ಓಡಿಸಿತು’, ‘ಮೊಸಳೆ ಕುದುರೆಯನ್ನು ಓಡಿತು’, ‘ಮೊಸಳೆ ಕುದುರೆಯನ್ನು ಓಡಿಸಿತು’. ಮೂರನೆಯದು ವ್ಯಾಕರಣಬದ್ಧವಲ್ಲ, ಬೇಕೆಂದೇ ಹಾಗೆ. ವಾಕ್ಯವನ್ನು ಕೇಳಿದ ಮಕ್ಕಳು ಅದನ್ನು ಆಟಿಕೆಯ ಪ್ರಾಣಿಗಳಿಂದ ಆಡಿ ತೋರಿಸಬೇಕು. ಎರಡು ನಾಮಪದಗಳಿದ್ದಾಗ ಮಕ್ಕಳು ಪ್ರೇರಣೆಯ ಕ್ರಿಯೆಯನ್ನು ಆಡಿ ತೋರಿಸಿದರು. ‘-ಇಸು’ ಇದೆಯೋ ಇಲ್ಲವೋ ಎಂಬುದು ಅವರ ಆಟವನ್ನು ನಿರ್ಧರಿಸಲಿಲ್ಲ. ಪ್ರೇರಣಾರ್ಥಕ್ಕೆ ಹೆಚ್ಚು ನಂಬಲರ್ಹವಾದ ಗುರುತು ಪ್ರತ್ಯಯವೇ ಆಗಿರುವ ಭಾಷೆಯಲ್ಲಿ ಬಂದ ಫಲಿತಾಂಶವಾದ್ದರಿಂದ ಇದಕ್ಕೆ ಮಹತ್ತ್ವ.

ವಿನ್ಯಾಸದ ಬಲದಿಂದ ಇಲ್ಲಿ ಒಂದು ‘ಇದರಿಂದ ಇದೆ’ ಹೇಳಿಕೆ ಗಟ್ಟಿಯಾಗಿ ನಿಲ್ಲುತ್ತದೆ: ಈ ಮಕ್ಕಳ ಅಭಿನಯ ಬದಲಾದದ್ದು ನಾಮಪದಗಳ ಸಂಖ್ಯೆ ಬದಲಾದ್ದರಿಂದ. ಆದರೆ ಇದನ್ನು ‘ಕನ್ನಡದ ಮಕ್ಕಳಲ್ಲಿ ಇಷ್ಟು ಪಾಲು ಹೀಗೆ’ ಎಂದು ಓದುವಂತಿಲ್ಲ. ಇಂಥ ಪ್ರಯೋಗಗಳಿಗೆ ಮಕ್ಕಳು ಸಾಮಾನ್ಯವಾಗಿ ಸಂಶೋಧಕರಿಗೆ ತಲುಪಬಹುದಾದ ಶಿಶುವಿಹಾರಗಳಿಂದ ಬರುತ್ತಾರೆ, ಸಮಷ್ಟಿಯ ಪಟ್ಟಿಯಿಂದ ಬರುವುದಿಲ್ಲ. ಇದು ಪ್ರಯೋಗದ ದೋಷವಲ್ಲ. ಹಾಗೆ ಓದುವ ನಮ್ಮ ದೋಷ.

5. ಹಂಚಲಾಗದ ಅಂಶಗಳು

ಭಾಷಾವ್ಯತ್ಯಾಸಕ್ಕೆ ಕಾರಣವೆಂದು ನಾವು ಹೆಸರಿಸುವ ಜಾತಿ, ಲಿಂಗ, ಹುಟ್ಟೂರುಗಳನ್ನು ಯಾರಿಗೂ ಚೀಟಿ ಎತ್ತಿ ಹಂಚಲಾಗದು. ಅಲ್ಲಿ ಜಾಣ ಹೋಲಿಕೆಯೊಂದೇ ದಾರಿ. ವಿಲಿಯಂ ಬ್ರೈಟ್ 1960ರಲ್ಲಿ ಬೆಂಗಳೂರು ಕನ್ನಡದ ಬ್ರಾಹ್ಮಣ ಮತ್ತು ಬ್ರಾಹ್ಮಣೇತರ ಒಳನುಡಿಗಳನ್ನು ಹೋಲಿಸಿ, ಎರಡರಲ್ಲಿಯೂ ನಡೆದ ಬದಲಾವಣೆಗಳು ಬೇರೆ ಬೇರೆ ಬಗೆಯವು ಎಂದು ವಾದಿಸಿದರು: ಒಂದೆಡೆ ಅನ್ಯಭಾಷೆಯ ಪದ ಮತ್ತು ಧ್ವನಿಗಳ ಸ್ವೀಕಾರ, ಇನ್ನೊಂದೆಡೆ ಭಾಷೆಯ ಒಳಗಿನಿಂದಲೇ ನಡೆಯುವ, ಆಡುವವರ ಗಮನಕ್ಕೆ ಬಾರದ ಪಲ್ಲಟ. ಇದಕ್ಕೆ ಕಾರಣ ಜಾತಿಯೇ? ಆ ಸಮಾಜದಲ್ಲಿ ಜಾತಿಯೂ ಅಕ್ಷರಜ್ಞಾನವೂ ‘-ಇಸು’ ಮತ್ತು ಎರಡು ನಾಮಪದಗಳಂತೆಯೇ ಜೋಡಿಯಾಗಿ ಬರುತ್ತವೆ.

ಅನಂತರ ಬ್ರೈಟ್ ಮತ್ತು ಎ. ಕೆ. ರಾಮಾನುಜನ್ ಸೇರಿ ಮಾಡಿದ್ದು ನಮಗೆ ಮುಖ್ಯ. ಅವರು ತಮಿಳಿನ ಜೊತೆಗೆ ತುಳುವನ್ನು ತೆಗೆದುಕೊಂಡರು. ತುಳುವಿನಲ್ಲಿ ಜಾತಿಭೇದವಿದೆ, ವ್ಯಾಪಕವಾದ ಲಿಖಿತ ಪರಂಪರೆಯಿಲ್ಲ. ಅಲ್ಲಿ ಬ್ರಾಹ್ಮಣ ನುಡಿಯೂ ಒಳಗಿನ ಪಲ್ಲಟಕ್ಕೆ ಒಳಗಾಗಿರುವುದು ಕಂಡಿತು. ಇದರಿಂದ, ಇತರೆಡೆ ಬದಲಾವಣೆಗೆ ತಡೆಯೊಡ್ಡಿದ್ದು ಜಾತಿಯಲ್ಲ, ಅಕ್ಷರಜ್ಞಾನ ಎಂಬ ಊಹೆಗೆ ಬೆಂಬಲ ಸಿಕ್ಕಿತು. ಜೋಡಿಯಾಗಿದ್ದ ಎರಡು ಅಂಶಗಳು ಬಿಡಿಸಿಕೊಂಡಿರುವ ಸನ್ನಿವೇಶವನ್ನು ಪ್ರಯೋಗಶಾಲೆಯ ಬದಲು ನಾಡಿನಲ್ಲಿಯೇ ಹುಡುಕಿದ್ದು ಈ ಅಧ್ಯಯನದ ಹಿರಿಮೆ. ಅದರ ಮಿತಿಯೂ ಅಲ್ಲಿಯೇ ಇದೆ: ತುಳು ಮತ್ತು ತಮಿಳು ಲಿಪಿಬಳಕೆಯೊಂದರಲ್ಲೇ ಭಿನ್ನವಾದವಲ್ಲ. ಹಂಚಿಕೆಯಿಲ್ಲದ ಕಡೆ ಕಾರಣವನ್ನು ಹೇಳುವವರು ಈ ಉಳಿದ ಭಿನ್ನತೆಗಳ ಪಟ್ಟಿಯನ್ನೂ ಓದುಗರ ಮುಂದಿಡಬೇಕು.

6. ಪದಗಳೂ ಮಾದರಿಯೇ

ಭಾಷಿಕರನ್ನು ಆರಿಸುವಾಗ ತೋರುವ ಅಲ್ಪಸ್ವಲ್ಪ ಎಚ್ಚರವನ್ನೂ ಪದಗಳನ್ನು ಆರಿಸುವಾಗ ನಾವು ತೋರುವುದಿಲ್ಲ. 1964ರಲ್ಲಿ ಕೋಲ್‌ಮನ್ ಎತ್ತಿದ, 1973ರಲ್ಲಿ ಹರ್ಬರ್ಟ್ ಕ್ಲಾರ್ಕ್ ಬಲವಾಗಿ ಮಂಡಿಸಿದ ಆಕ್ಷೇಪ ಇದು. 20 ಕ್ರಿಯಾಪದಗಳ ಮೇಲೆ ಪ್ರಯೋಗ ನಡೆಸಿ, ಜನರ ನಡುವಣ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ಸಿಗುವ ಫಲಿತಾಂಶ ಆ 20 ಪದಗಳಿಗೆ ಮಾತ್ರ ಸಲ್ಲುತ್ತದೆ. ಬೇರೆ 20 ಪದಗಳಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ ಎಂಬ ಅನಿಶ್ಚಿತತೆ ಲೆಕ್ಕದಲ್ಲಿ ಸೇರಿರುವುದೇ ಇಲ್ಲ. 2008ರ ಹೊತ್ತಿಗೆ ಬಾಯೆನ್ ಮತ್ತಿತರರು ಜನ ಮತ್ತು ಪದ ಎರಡನ್ನೂ ಏಕಕಾಲಕ್ಕೆ ಯಾದೃಚ್ಛಿಕ ಅಂಶಗಳಾಗಿ ಪರಿಗಣಿಸುವ ಮಿಶ್ರ ಪ್ರತಿರೂಪಗಳನ್ನು ಬಳಕೆಗೆ ತಂದಮೇಲೆ ಗಣನೆಯ ಕಷ್ಟ ನೀಗಿತು. ಆದರೆ ಪದಗಳನ್ನು ಯಾರೂ ನಿಜವಾಗಿ ಚೀಟಿ ಎತ್ತಿ ಆರಿಸುವುದಿಲ್ಲ, ಲೆಕ್ಕದಲ್ಲಷ್ಟೇ ಹಾಗೆ ನಟಿಸುತ್ತಾರೆ ಎಂಬ ಮರು ಆಕ್ಷೇಪಕ್ಕೆ ಗಣಕಯಂತ್ರ ಉತ್ತರ ಕೊಡಲಾರದು. ಉತ್ತರ ಭಾಷೆಯ ಜ್ಞಾನದಿಂದಲೇ ಬರಬೇಕು.

‘-ಇಸು’ವನ್ನೇ ನೋಡೋಣ. ‘ಓಡಿಸು’, ‘ಮಲಗಿಸು’, ‘ಏರಿಸು’ಗಳಲ್ಲಿ ಅದು ಪ್ರೇರಣಾರ್ಥಕ. ‘ಪ್ರೀತಿಸು’, ‘ಯೋಚಿಸು’, ‘ಪ್ರಯತ್ನಿಸು’ಗಳಲ್ಲಿ ಅದು ಸಂಸ್ಕೃತದಿಂದ ಬಂದ ಪದವನ್ನು ಕ್ರಿಯಾಪದವಾಗಿಸುವ ಸಾಧನ, ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಮಾಡಿಸುತ್ತಿಲ್ಲ. ಎರಡನೆಯ ಗುಂಪಿನ ಹಲವು ರೂಪಗಳು ಬರಹದಲ್ಲಿ ಹೆಚ್ಚು. ಮನೆಮಾತಿನಲ್ಲಿ ‘ಯೋಚನೆ ಮಾಡು’, ‘ಪ್ರಯತ್ನ ಮಾಡು’ಗಳೇ ರೂಢಿ. ‘-ಇಸು ಎಂಬುದು ಪ್ರೇರಣೆಯ ಎಷ್ಟು ನಂಬಲರ್ಹ ಗುರುತು’ ಎಂಬ ಪ್ರಶ್ನೆಗೆ ಪತ್ರಿಕೆಯ ಭಾಷೆಯಿಂದ ಆರಿಸಿದ ಕ್ರಿಯಾಪದಗಳು ಒಂದು ಉತ್ತರ ಕೊಡುತ್ತವೆ, ಮಗುವಿನ ಕಿವಿಗೆ ಬೀಳುವ ಮಾತಿನಿಂದ ಆರಿಸಿದವು ಇನ್ನೊಂದು. ಎರಡೂ ಕನ್ನಡವೇ, ಸಮಷ್ಟಿಗಳು ಬೇರೆ.

ನಿಘಂಟನ್ನು ಆಯ್ಕೆಪಟ್ಟಿಯಾಗಿ ಬಳಸುವವರಿಗೂ ಇದೇ ಎಚ್ಚರಿಕೆ. 1894ರ ಕಿಟ್ಟೆಲ್ ನಿಘಂಟಾಗಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಹಳಗನ್ನಡ ಕಾವ್ಯದ ಪದಗಳನ್ನೂ ಒಳಗೊಂಡವು. ಅವುಗಳಿಂದ ಚೀಟಿ ಎತ್ತಿದ ಪದಗಳಲ್ಲಿ ಇಂದಿನ ಮಗು ಎಂದೂ ಕೇಳದವೇ ಬಹಳ ಬಂದಾವು. ಪುಟ ತೆರೆದು ಕಣ್ಣುಮುಚ್ಚಿ ಬೆರಳಿಟ್ಟರೆ ದೀರ್ಘ ವಿವರಣೆಯುಳ್ಳ ಪದಕ್ಕೇ ಬೆರಳು ತಗಲುವ ಸಂಭವ ಹೆಚ್ಚು. ಹೀಗಾಗಿ ಬಹ್ವರ್ಥದ ಪದಗಳು ಪಾಲಿಗಿಂತ ಹೆಚ್ಚಾಗಿ ಬರುತ್ತವೆ. ಪದಪಟ್ಟಿಯಿಂದ ಆರಿಸಿದರೆ ಎಲ್ಲ ಪದಗಳಿಗೂ ಸಮಾನ ಅವಕಾಶ. ಪಠ್ಯಸಂಗ್ರಹದ ಮಾತಿನಿಂದ ಆರಿಸಿದರೆ ಹೆಚ್ಚು ಬಳಕೆಯ ಪದಗಳಿಗೆ ಹೆಚ್ಚು ಅವಕಾಶ. ಯಾವುದು ಸರಿ ಎಂಬುದನ್ನು ನಾವು ಮಾಡಲಿರುವ ಹೇಳಿಕೆ ನಿರ್ಧರಿಸಬೇಕು.

7. ಆಚರಣೆಗೆ ಎರಡು ಮಾತು

ಈ ವಿಮರ್ಶೆಯಿಂದ ನಾವು ಎರಡು ಸೂಚನೆಗಳನ್ನು ತೆಗೆಯುತ್ತೇವೆ. ಮೊದಲನೆಯದಕ್ಕೆ ಹಣ ಬೇಡ. ಪ್ರತಿ ಲೇಖನವೂ ತನ್ನ ಸಮಷ್ಟಿ ಯಾವುದು, ಭಾಷಿಕರನ್ನೂ ಪದಗಳನ್ನೂ ಹೇಗೆ ಆರಿಸಲಾಯಿತು, ಯಾವುದನ್ನು ಚೀಟಿಗೆ ಬಿಡಲಾಯಿತು, ಯಾವುದನ್ನು ಬಿಡಲಿಲ್ಲ ಎಂಬುದನ್ನು ಹೇಳಲಿ. ಆಮೇಲೆ ತನ್ನ ತೀರ್ಮಾನ ಮೂರರಲ್ಲಿ ಯಾವ ಬಗೆಯದೆಂದು ಹೇಳಲಿ. ಐವರು ಮಾಹಿತಿದಾರರಿಂದ ಬರೆದ ‘ಇದೆ’ ಎಂಬ ಪ್ರಾಮಾಣಿಕ ಲೇಖನ, ಐನೂರು ಪರಿಚಿತರಿಂದ ಬರೆದ ‘ಇಷ್ಟಿದೆ’ ಎಂಬ ಲೇಖನಕ್ಕಿಂತ ಮೇಲು.

ಎರಡನೆಯದು ನಮ್ಮ ದೇಶದಲ್ಲಿಯೇ ಹುಟ್ಟಿದ ವಿಧಾನ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಮಹಾಲನೋಬಿಸ್ ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ, ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಉಪಮಾದರಿಗಳನ್ನು ಎತ್ತಿ ಎರಡು ಬೇರೆ ತಂಡಗಳಿಗೆ ಒಪ್ಪಿಸುವ ಕ್ರಮವನ್ನು ರೂಢಿಗೆ ತಂದರು. ಎರಡರ ಅಂದಾಜುಗಳು ಆಕಸ್ಮಿಕ ಏರಿಳಿತವನ್ನು ಮೀರಿ ದೂರವಾದರೆ, ಆ ವ್ಯತ್ಯಾಸಕ್ಕೆ ಕಾರಣ ಹೊಲವಲ್ಲ, ಅಳೆದವರು. ಒಳನುಡಿಗಳ ಸಮೀಕ್ಷೆಗೆ ಇದಕ್ಕಿಂತ ಹೊಂದುವ ವಿಧಾನ ನಮಗೆ ಕಂಡಿಲ್ಲ. ‘ಹಾಲು’, ‘ಆಲು’ಗಳ ನಡುವಿನ ಮೆಲ್ಲನೆಯ ಹಕಾರವನ್ನು ಒಬ್ಬ ಕ್ಷೇತ್ರಕಾರ್ಯಕರ್ತ ಕೇಳಿಸಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಅದು ಕೇಳಿಸುವುದಿಲ್ಲ, ಪೇಟೆಯ ಸಂಶೋಧಕನ ಮುಂದೆ ಹಳ್ಳಿಯವರು ಹಕಾರವನ್ನು ಸೇರಿಸಿ ಮಾತನಾಡುವುದೂ ಉಂಟು. ಒಂದೇ ತಂಡ ಎಲ್ಲವನ್ನೂ ಸಂಗ್ರಹಿಸಿದರೆ ಈ ದೋಷ ಎಂದಿಗೂ ಬೆಳಕಿಗೆ ಬಾರದು.

ಇದು ವಿಧಾನದ ಸೂಕ್ಷ್ಮಗಳ ಚರ್ಚೆಯಷ್ಟೇ ಅಲ್ಲ. ಮಕ್ಕಳ ಮಾತಿನ ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೇ ಎಂದು ಅಳೆಯುವ ಪ್ರತಿ ಪರೀಕ್ಷೆಯೂ ಯಾರೋ ಕೆಲವು ಮಕ್ಕಳ ಮಾತನ್ನು ಅಳತೆಗೋಲಾಗಿಸಿಕೊಂಡಿರುತ್ತದೆ. ಆ ಮಕ್ಕಳೆಲ್ಲ ಒಂದೇ ನಗರದ, ಒಂದೇ ಬಗೆಯ ಶಾಲೆಯವರಾದರೆ, ‘ಮಾಡಾಕ ಹತ್ತೀನಿ’ ಎನ್ನುವ ಮಗು ‘ಮಾಡ್ತಾ ಇದ್ದೀನಿ’ ಎನ್ನಲಾರದ್ದಕ್ಕೆ ಹಿಂದುಳಿದದ್ದೆಂದು ದಾಖಲಾದೀತು. ಮಗುವಿನ ಮಾತಿನಲ್ಲಿ ಕೊರತೆಯೇನೂ ಇಲ್ಲ. ಪಟ್ಟಿಯಲ್ಲಿ ಅದರ ಹೆಸರಿಲ್ಲ, ಅಷ್ಟೇ. ಉತ್ತಮವನ್ನೇ ಆರಿಸಿ ಅದನ್ನು ಇಡಿಯೆಂದು ಕರೆಯುವ ‘ಮಾದರಿ’ಯ ಹಳೆಯ ಗೊಂದಲ ಕೊನೆಗೆ ಬಂದು ನಿಲ್ಲುವುದು ಇಂಥ ಮಗುವಿನ ಹೆಸರಿನ ಮುಂದೆ ಬರೆಯುವ ಷರಾದಲ್ಲಿ. ಯಾರನ್ನು ಕೇಳಬೇಕೆಂಬುದನ್ನು ಚೀಟಿಗೆ ಬಿಟ್ಟರೆ, ನಾವು ಕೇಳಲು ಮರೆತವರಿಗೂ ಮಾತಿನ ಸರದಿ ಬರುತ್ತದೆ.